ಪೇಷಂಟ್ ಆತ್ಮಹತ್ಯೆ ಆದ್ಮೇಲೆ ಕ್ಲಿನಿಕ್‌ನಲ್ಲಿ ರಿವ್ಯೂ ಹೇಗೆ ಮಾಡಿದ್ರಿ?

ನಮ್ದು ಮೂರು ಡಾಕ್ಟರ್‌ಗಳ ಸಣ್ಣ ಕ್ಲಿನಿಕ್. ವರ್ಷಗಟ್ಟಲೆ ನೋಡ್ತಿದ್ದ ಪೇಷಂಟ್ ಒಬ್ರು ಹೋದ ತಿಂಗಳು ಆತ್ಮಹತ್ಯೆ ಮಾಡ್ಕೊಂಡ್ರು. ಎಲ್ಲರೂ ಕೂತು ಮಾತಾಡ್ಬೇಕು ಅಂತಿದೀವಿ, ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ. ಮಾಡಿರೋರು ಹೇಳ್ತೀರಾ?

ಉತ್ತರ 1
ಮೊದಲು ಕೊನೇಸಲ ನೋಡಿದ ಡಾಕ್ಟರ್ ಜೊತೆ ಒಬ್ರು ಸುಮ್ನೆ ಕೂತ್ಕೊಳ್ಳಿ, ಮೀಟಿಂಗ್ ಆಮೇಲೆ. ನಮ್ಮಲ್ಲಿ ಮಾರನೇ ದಿನವೇ ಫೈಲ್ ತೆಗೆದ್ವಿ, ಅದು ತಪ್ಪಾಯ್ತು, ಪಾಪ ಅವ್ರು ಬಾಯೇ ಬಿಡ್ಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಕೂತಾಗ ನರ್ಸ್, ರಿಸೆಪ್ಷನ್‌ನವ್ರನ್ನೂ ಕರೆದ್ವಿ, ಕೊನೇ ಆರು ತಿಂಗಳ ನೋಟ್ಸ್ ಜೋರಾಗಿ ಓದಿದ್ವಿ. ಆ ಪೇಷಂಟ್ ಮೂರು ಸಲ ಬಂದಿದ್ರು, ಮೂರು ಸಲನೂ ಬೇರೆ ಬೇರೆ ಡಾಕ್ಟರ್, ಒಂದ್ಸಲ ಸೊಂಟನೋವು, ಎರಡು ಸಲ "ನಿದ್ದೆ ಬರಲ್ಲ", ಬಿಡಿಬಿಡಿಯಾಗಿ ನೋಡಿದ್ರೆ ಏನೂ ಅನ್ಸಲ್ಲ, ಒಟ್ಟಿಗೆ ಓದಿದಾಗ ಎದೆ ಧಸಕ್ ಅಂತು. ಆಗ ರಿಸೆಪ್ಷನ್ ಹುಡುಗಿ ಹೇಳಿದ್ಳು, ಆಮೇಲೆ ಇನ್ನೊಂದಿನ ಬಂದು ಹೆಸರು ಬರೆಸಿ, ಅರ್ಧ ಗಂಟೆ ಕೂತು, ಯಾರನ್ನೂ ನೋಡ್ದೇ ಎದ್ದು ಹೋದ್ರು ಅಂತ. ಅದು ಯಾವ ಫೈಲಲ್ಲೂ ಇರ್ಲಿಲ್ಲ!

ಹಳೇ ಸ್ಟಡಿಗಳನ್ನ ಒಟ್ಟುಸೇರಿಸಿ 2002ರಲ್ಲಿ ಬಂದ ರಿವ್ಯೂ ಪ್ರಕಾರ, ಆತ್ಮಹತ್ಯೆಯಿಂದ ತೀರಿಕೊಂಡವರಲ್ಲಿ ಸುಮಾರು 45% ಜನ ಕೊನೇ ತಿಂಗಳಲ್ಲಿ ನಮ್ಮಂಥ ಸಾಮಾನ್ಯ ಕ್ಲಿನಿಕ್‌ಗೆ, ಅಂದ್ರೆ ಪ್ರೈಮರಿ ಕೇರ್‌ಗೆ ಬಂದಿರ್ತಾರೆ, ಮಾನಸಿಕ ಚಿಕಿತ್ಸೆಗೆ ಹೋದವರು ಸುಮಾರು 20% ಅಷ್ಟೆ. ಅಂದ್ರೆ ನಮ್ಮ ಬಾಗಿಲಿಗೇ ಜಾಸ್ತಿ ಬರ್ತಾರೆ. ಆದ್ರೂ ಎಲ್ಲ ಮುಗಿದ್ಮೇಲೆ ನೋಡಿದ್ರೆ ಎಲ್ಲವೂ ಸುಳಿವಿನ ಥರನೇ ಕಾಣತ್ತೆ, ಅದಕ್ಕೇ "ಯಾರು ಮಿಸ್ ಮಾಡಿದ್ರು" ಅನ್ನೋದು ಬಿಟ್ಟು "ಆವತ್ತು ನಮ್ಮ ಕೈಲಿ ಏನಿತ್ತು" ಅಂತ ಕೇಳ್ಕೊಳ್ಳಿ.

ನಾವು ಬದಲಾಯಿಸಿದ್ದು ಇಷ್ಟು: ನಿದ್ದೆ ಬರಲ್ಲ ಅಂತ ಎರಡನೇ ಸಲ ಬಂದ್ರೆ ಸಾಯೋ ಯೋಚನೆ ಬರತ್ತಾ ಅಂತ ನೇರವಾಗಿ ಕೇಳ್ತೀವಿ (ಕೇಳಿದ್ರೆ ಆ ಯೋಚನೆ ತಲೆಗೆ ಹಾಕಿದಂಗಾಗತ್ತೆ ಅನ್ನೋದು ಸುಳ್ಳು), ರಿಸ್ಕ್ ಇದೆ ಅನ್ಸಿದ್ರೆ ಮಾತ್ರೆ ವಾರವಾರಕ್ಕೆ ಮಾತ್ರ ಬರ್ಕೊಡ್ತೀವಿ, ಮನೆಯವ್ರ ಜೊತೆ ಕೂತು ಸೇಫ್ಟಿ ಪ್ಲಾನ್ (ಸಾಯೋ ಯೋಚನೆ ಬಂದಾಗ ಏನ್ಮಾಡ್ಬೇಕು, ಯಾರಿಗೆ ಫೋನ್ ಮಾಡ್ಬೇಕು ಅನ್ನೋ ಪಟ್ಟಿ) ಬರೀತೀವಿ, ಕಾಯ್ತಾ ಕೂತವರು ಎದ್ದುಹೋದ್ರೆ ಅವತ್ತೇ ಫೋನ್.

ಉತ್ತರ 2
ಮನೆಯವ್ರನ್ನ ಮರೀಬೇಡಿ ಪ್ಲೀಸ್. ನಾವು ಭಯದಿಂದ ತಿಂಗಳುಗಟ್ಟಲೆ ಫೋನೇ ಮಾಡ್ಲಿಲ್ಲ. ಕೊನೆಗೆ ಮಾಡಿದಾಗ ನಮ್ಮ ಪೇಷಂಟ್ ಹೆಂಡ್ತಿ, ತೀರಿಕೊಳ್ಳೋಕೆ ಎರಡು ವಾರ ಮುಂಚೆನೇ ಅವ್ರು ಡಿಪ್ರೆಶನ್ ಮಾತ್ರೆ ನಿಲ್ಲಿಸಿದ್ರು ಅಂದ್ರು. ಫಾಲೋಅಪ್‌ಗೆ ಬರ್ದೇ ಇದ್ದಿದ್ದು ನಮ್ಮ ರಿಜಿಸ್ಟರ್‌ನಲ್ಲೇ ಇತ್ತು, ಯಾರೂ ವಿಚಾರಿಸಿರ್ಲಿಲ್ಲ. ಮತ್ತೆ, ಮನೇಲಿ ಹಿಂದೆ ಉಳಿದವರಿಗೂ ರಿಸ್ಕ್ ಜಾಸ್ತಿ ಇರತ್ತೆ, ಅವ್ರೂ ನಿಮ್ಮ ಪೇಷಂಟೇ ಆಗಿದ್ರೆ ಈ ವಾರವೇ ಒಂದ್ಸಲ ಕರೆಸಿ ಮಾತಾಡ್ಸಿ.