ಹಳೆಯ ಏರ್‌ಸ್ಟ್ರೀಮ್ ಟ್ರೇಲರ್: ಪರೀಕ್ಷೆ ಮತ್ತು ದುರಸ್ತಿಯ ಅನುಭವ ಹಂಚಿಕೆ

ಪ್ರಶ್ನೆ, ನಾರ್ತ್ ಕೆರೊಲಿನಾದಿಂದ:
ನಮ್ಮೂರಿನ ಹತ್ತಿರ 1973ರ, 27 ಅಡಿ ಉದ್ದದ ಏರ್‌ಸ್ಟ್ರೀಮ್ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ, ಅಲ್ಯೂಮಿನಿಯಂ ಮೈಯ ಸಂಚಾರಿ ಮನೆ) ಒಂದು ಮಾರಾಟಕ್ಕಿದೆ. ಹೊರಮೈ ಚೆನ್ನಾಗಿ ಹೊಳೆಯುತ್ತಿದೆ, ಒಳಗೆ ಹೊಸ ವಿನೈಲ್ ನೆಲಹಾಸು ಹಾಕಿಸಿದ್ದಾರೆ. ಕೊಳ್ಳುವ ಮುನ್ನ ಏನೇನು ನೋಡಬೇಕು, ದುರಸ್ತಿಯನ್ನು ಎಲ್ಲಿಂದ ಆರಂಭಿಸಬೇಕು ಎಂದು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಒಹಾಯೊದಿಂದ:
ನಮಸ್ಕಾರ. ಹೊಳಪನ್ನು ಬದಿಗಿಟ್ಟು ಆ ಹೊಸ ನೆಲಹಾಸಿನ ಕೆಳಗೆ ಏನಿದೆ ಎಂಬುದನ್ನು ಮೊದಲು ನೋಡಿ. ಈ ಟ್ರೇಲರ್‌ಗಳಲ್ಲಿ ಅಲ್ಯೂಮಿನಿಯಂ ಕವಚ, ಪ್ಲೈವುಡ್ ನೆಲ ಮತ್ತು ಉಕ್ಕಿನ ಚಾಸಿ (ಅಡಿಯ ಚೌಕಟ್ಟು) ಮೂರೂ ಒಂದಕ್ಕೊಂದು ಬಿಗಿದುಕೊಂಡು ಒಟ್ಟಾಗಿ ಭಾರ ಹೊರುತ್ತವೆ. ಕವಚದ ಅಂಚಿಗೂ ಚಾಸಿಗೂ ನಡುವೆ ಸಿಕ್ಕಿಕೊಂಡಿರುವ ಪ್ಲೈವುಡ್ ನೀರು ಕುಡಿದು ಲಡ್ಡಾದರೆ ಬೋಲ್ಟ್‌ಗಳಿಗೆ ಹಿಡಿತ ಉಳಿಯುವುದಿಲ್ಲ. ಆಗ ಹಿಂಭಾಗದಲ್ಲಿ ಚಾಸಿ ಕವಚದಿಂದ ಬೇರ್ಪಟ್ಟು ಕೆಳಕ್ಕೆ ಜೋಲುತ್ತದೆ. 1970ರ ದಶಕದ ಉದ್ದನೆಯ ಟ್ರೇಲರ್‌ಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ದೋಷ. ಒಬ್ಬರು ಹಿಂದಿನ ಬಂಪರ್ ಮೇಲೆ ನಿಂತು ಮೆಲ್ಲಗೆ ಕುಪ್ಪಳಿಸಲಿ, ಇನ್ನೊಬ್ಬರು ಕವಚದ ಕೆಳಂಚನ್ನು ಗಮನಿಸಲಿ. ಬಂಪರ್ ಅಲುಗಿ ಕವಚ ಅಲುಗದಿದ್ದರೆ ಬೇರ್ಪಡೆ ಆಗಿದೆ ಎಂದೇ ತಿಳಿಯಿರಿ. ಬಳಿಕ ಮಾರುವವರ ಒಪ್ಪಿಗೆ ಪಡೆದು ಬಾಗಿಲಿನ ಬಳಿ, ನಾಲ್ಕೂ ಮೂಲೆಗಳಲ್ಲಿ, ಸ್ನಾನದ ಕೋಣೆಯ ಕೆಳಗೆ ದಬ್ಬಣದಿಂದ ಚುಚ್ಚಿ ನೋಡಿ. ಗಟ್ಟಿ ಪ್ಲೈವುಡ್‌ನಲ್ಲಿ ಅದು ಸುಲಭವಾಗಿ ಇಳಿಯುವುದಿಲ್ಲ. ಚುಚ್ಚಲು ಒಪ್ಪದವರಿಂದ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಡಿಯ ಅಲ್ಯೂಮಿನಿಯಂ ತಗಡಿನೊಳಗೆ ನೀರು ನಿಂತರೆ ಉಕ್ಕು ಮತ್ತು ಅಲ್ಯೂಮಿನಿಯಂ ತಾಗುವಲ್ಲಿ ಸವೆತ ಇನ್ನೂ ಬೇಗ ಆಗುವುದರಿಂದ, ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡುವುದೂ ಅಗತ್ಯ.

ಟೆಕ್ಸಾಸ್‌ನಿಂದ:
ಮೇಲಿನವರ ಮಾತಿಗೆ ಆಕ್ಸಲ್ (ಚಕ್ರಗಳನ್ನು ಹೊರುವ ಅಚ್ಚು) ವಿಷಯವನ್ನು ಸೇರಿಸುತ್ತೇನೆ. ಏರ್‌ಸ್ಟ್ರೀಮ್ 1960ರ ದಶಕದಿಂದ ಬಳಸುತ್ತಿರುವ ಆಕ್ಸಲ್‌ನಲ್ಲಿ ಸ್ಪ್ರಿಂಗ್ ಪಟ್ಟಿಗಳಿಲ್ಲ. ಕೊಳವೆಯೊಳಗಿನ ರಬ್ಬರ್ ತಿರುಚಿಕೊಂಡು ಆಘಾತವನ್ನು ತಾಳುತ್ತದೆ. ದಶಕಗಳು ಕಳೆದಂತೆ ಆ ರಬ್ಬರ್ ಗಡಸಾಗುತ್ತದೆ. ಟ್ರೇಲರ್ ನೆಲದ ಮೇಲೆ ನಿಂತಿರುವಾಗಲೇ ಚಕ್ರ ಹಿಡಿದಿರುವ ತೋಳು ಮೇಲ್ಮುಖವಾಗಿದ್ದರೆ ಆಕ್ಸಲ್ ಬದಲಾಯಿಸಲೇಬೇಕು, ಇಲ್ಲವಾದರೆ ರಸ್ತೆಯ ಪ್ರತಿಯೊಂದು ಹೊಡೆತವೂ ನೇರವಾಗಿ ಕವಚದ ತಗಡುಗಳನ್ನು ಜೋಡಿಸಿರುವ ರಿವೆಟ್‌ಗಳಿಗೆ ತಗಲುತ್ತದೆ. ಬೆಲೆ ಮಾತನಾಡುವಾಗ ಈ ಖರ್ಚನ್ನು ಎತ್ತಿ ಹೇಳಿ. ಟೈರಿನ ಪಕ್ಕದ ಮೈಮೇಲೆ DOT (ಡಾಟ್) ಅಕ್ಷರಗಳಿಂದ ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ: 2318 ಎಂದಿದ್ದರೆ 2018ರ 23ನೆಯ ವಾರ. ಟೈರಿನ ಮೇಲ್ಮೈಯ ಗೀರುಗಳು ಎಷ್ಟೇ ಆಳವಾಗಿದ್ದರೂ ಹಳೆಯ ಟೈರ್ ನಂಬಿ ಮಕ್ಕಳೊಂದಿಗೆ ಹೆದ್ದಾರಿಗೆ ಇಳಿಯಬೇಡಿ.

ಮಿಷಿಗನ್‌ನಿಂದ:
ದುರಸ್ತಿಯ ಕ್ರಮದ ಬಗ್ಗೆ ಹೇಳುವುದಾದರೆ, ನೀರು ನುಗ್ಗುವುದನ್ನು ನಿಲ್ಲಿಸುವ ಮುನ್ನ ಹೊಸ ನೆಲ ಹಾಕುವುದು ಹಣವನ್ನು ನೀರಿಗೆ ಸುರಿದಂತೆಯೇ. ಒಬ್ಬರು ಒಳಗೆ ಕುಳಿತಿರಲಿ, ಇನ್ನೊಬ್ಬರು ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀರು ಹಾಯಿಸಲಿ. ಮೇಲಿನಿಂದ ಆರಂಭಿಸಿದರೆ ಇಳಿದ ನೀರು ಎಲ್ಲ ಸಂದುಗಳನ್ನೂ ಒದ್ದೆ ಮಾಡುವುದರಿಂದ ಸೋರುವ ಜಾಗ ಗೊತ್ತಾಗುವುದಿಲ್ಲ. ಸಂದುಗಳಿಗೆ ಪಾಲಿಯುರೆಥೇನ್ ಸೀಲಂಟ್ (ಸಂದು ಮುಚ್ಚುವ ಅಂಟು) ಬಳಸಿ. ಸಿಲಿಕೋನ್ ಬೇಡ, ಏಕೆಂದರೆ ಅದರ ಜಿಡ್ಡು ಉಳಿದ ಕಡೆ ಮುಂದೆ ಯಾವ ಸೀಲಂಟೂ ಸರಿಯಾಗಿ ಹಿಡಿಯುವುದಿಲ್ಲ. ಆನಂತರ ಚಾಸಿ, ನೆಲ, ಕೊನೆಗೆ ಪೀಠೋಪಕರಣ.

ವಿದ್ಯುತ್ತಿನ ಬಗ್ಗೆ ಎರಡು ಎಚ್ಚರಿಕೆಗಳಿವೆ. ಆ ಕಾಲದ ಕೆಲವು ಟ್ರೇಲರ್‌ಗಳಲ್ಲಿ 120 ವೋಲ್ಟ್ ತಂತಿಗಳು ಅಲ್ಯೂಮಿನಿಯಂನವು. ಅವುಗಳ ಜೋಡಣೆಗಳು ಸಡಿಲಗೊಂಡು ಬಿಸಿಯಾಗುವುದರಿಂದ ಪ್ರತಿಯೊಂದು ಸಾಕೆಟ್ಟನ್ನೂ ಬಿಚ್ಚಿ ನೋಡಬೇಕು. ಮನೆಯಲ್ಲಿ ಟ್ರೇಲರ್‌ಗೆಂದು 30 ಆಂಪ್ ಸಾಕೆಟ್ ಹಾಕಿಸುವಾಗ, ಎಲೆಕ್ಟ್ರಿಷಿಯನ್ ಅದನ್ನು ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ ಎಂದು ಭಾವಿಸಿ 240 ವೋಲ್ಟ್ ಕೊಡದಂತೆ ನೋಡಿಕೊಳ್ಳಿ ಮತ್ತು ಪ್ಲಗ್ ಹಾಕುವ ಮುನ್ನ ಮೀಟರ್‌ನಲ್ಲಿ 120 ವೋಲ್ಟ್ ಇರುವುದನ್ನು ಅಳೆದು ಖಚಿತಪಡಿಸಿಕೊಳ್ಳಿ. ಫ್ರಿಜ್‌ನಿಂದ ಅಮೋನಿಯಾ ವಾಸನೆ ಬಂದರೆ ಅದನ್ನು ಹಚ್ಚಬೇಡಿ. ಅಡುಗೆ ಅನಿಲದ ಕೊಳವೆಗಳ ಒತ್ತಡ ಪರೀಕ್ಷೆಯನ್ನು ಮಾತ್ರ ಪರಿಣತರಿಂದಲೇ ಮಾಡಿಸಿ. ಅದಾಗುವವರೆಗೆ ಸಿಲಿಂಡರ್ ಮುಚ್ಚಿಯೇ ಇರಲಿ.