ಪದ ಬೇಕು, ಅರ್ಜೆಂಟ್: ಲಕ್ವಾ ಆದವ್ರು ಮುಂದ ನಡೀತಾರೋ ಇಲ್ಲೋ ಅಂತ ಹೇಳೋದಕ್ಕ ಏನಂತೀರಿ?

ಎಲ್ಲರಿಗೂ ಶರಣು. ನಾನು ಕಲಬುರಗಿಯ ಒಂದು ದವಾಖಾನಿದಾಗ ಫಿಜಿಯೋಥೆರಪಿ ಮಾಡ್ತೀನಿ. ನಾಳೆ ಸಂಜಿ ಆರಕ್ಕ ಪ್ರಿಂಟಿಂಗ್ ಪ್ರೆಸ್ಸಿಗೆ ಒಂದು ಹಾಳಿ ಕೊಡಬೇಕಾಗ್ಯಾದ, ಲಕ್ವಾ ಹೊಡದು ಅಡ್ಮಿಟ್ ಆದವ್ರ ಮನಿಮಂದಿ ಕೈಯಾಗ ಕೊಡೋ ಹಾಳಿ. ಒಳಗಿಂದೆಲ್ಲಾ ಬರದಾಗ್ಯಾದ, ತಲಿಬರಹದಾಗ ಸಿಕ್ಕೊಂಡೀನಿ. ಡಾಕ್ಟರ್‌ಗಳು ಪ್ರಾಗ್ನೋಸಿಸ್ ಅಂತಾರಲ್ಲ, ಅದಕ್ಕ ಓದಿದ ಕೂಡ್ಲೇ ತಿಳಿಯೋ ಮಾತು ಬೇಕು. ಎಲ್ಲಾ ರೋಗಕ್ಕಲ್ಲ, ಬರೀ ನಡಿಯೋದರ ಬಗ್ಗೆ. ಮನಿಯವ್ರು ಮೊದಲ್ನೇ ದಿನದಿಂದ ಕೇಳೋದು ಒಂದೇ, "ಎಂದ್ ನಡೀತಾರ್ರೀ?"

ಇದಕ್ಕ ಉತ್ತರ ಕೊಡ್ಲಾಕ ಬರ್ತದ, ಸುಮ್ನ ಬಾಯಿಮಾತಿಂದು ಅಲ್ಲ. ನೆದರ್ಲೆಂಡ್ಸಿನಾಗ ಇಪೋಸ್ ಅಂತ ಸ್ಟಡಿ ಮಾಡ್ಯಾರ, 2011ರಾಗ ಬಂದದ. ಮೊದಲ 72 ತಾಸಿನೊಳಗ ಎರಡೇ ನೋಡ್ತಾರ: ಏನೂ ಹಿಡಕೊಳ್ದೆ 30 ಸೆಕೆಂಡ್ ಕುಂದರ್ತಾರೇನು, ಲಕ್ವಾ ಆದ ಕಾಲು ಸ್ವಲ್ಪಾದ್ರೂ ಅಳ್ಳಾಡ್ತದೇನು. ಎರಡೂ ಆದವ್ರಿಗೆ ಆರು ತಿಂಗಳಿಗೆ ತಾವೇ ನಡಿಯೋ ಸಾಧ್ಯತೆ ನೂರಕ್ಕ 98. ಎರಡೂ ಆಗದವ್ರದು ನೂರಕ್ಕ 27ರ ಸುಮಾರು, ಒಂಬತ್ತನೇ ದಿನಕ್ಕೂ ಹಂಗೇ ಇದ್ರ 10ಕ್ಕ ಇಳೀತದ.

"ನಡಿಗೆಯ ಭವಿಷ್ಯ" ಅಂತ ಬರದು ಸೇಡಂ ಕಡಿಯ ಪೇಷಂಟ್ ಒಬ್ಬರ ಮಗನಿಗಿ ತೋರ್ಸಿದೆ. ಆತ ಮುಂದ ಓದಲೇ ಇಲ್ಲ, "ಹಣೇಬರ ಹ್ಯಾಂಗದ ಹಂಗ ಆಗ್ತದ ಬಿಡ್ರಿ ಅಕ್ಕಾರ" ಅಂದು ಹಾಳಿ ಮಡಚಿ ಜೇಬಿನಾಗ ಇಟ್ಕೊಂಡ. "ಮುನ್ಸೂಚನೆ" ಅಂದ್ರ ಮತ್ತೊಂದು ತೊಂದ್ರಿ. ಬಾಯಿ ಸೊಟ್ಟ ಆಗೋದು, ಕೈ ಜೋತು ಬೀಳೋದು, ಮಾತು ತೊದಲೋದು, ಇವೇ ಲಕ್ವಾದ ಮುನ್ಸೂಚನೆ ಅಂತ ಅದೇ ವಾರ್ಡಿನ ಗ್ವಾಡಿ ಮ್ಯಾಲ ಬೋರ್ಡ್ ಅದ. ಎರಡೂ ಕಲಸಿ ಹೋಗ್ತಾವ. ದಯಮಾಡಿ ಇವತ್ತೇ ಹೇಳ್ರಿ.

*

ಯಾದಗಿರಿಯಿಂದ:

ಬವಿಶ್ಯವೂ ಬೇಡ, ಮುನ್ಸೂಚನೆಯೂ ಬೇಡ. "ಮುಂಗಾಣ್ಕೆ" ಎಂದು ಹಾಕಿ. ಮುನ್, ಕಾಣ್ಕೆ, ಎರಡೂ ನಮ್ಮವೇ. ಲಕ್ವಾ ಬದಲು "ಮಿದುಳೇಟು". ಓದುವವರಿಗೆ ಗೊತ್ತಾಗಲ್ಲ ಅನ್ನಬೇಡಿ, ನಾಲ್ಕು ಸಲ ಕಂಡರೆ ಗೊತ್ತಾಗುತ್ತೆ. ಸಾಪ್ಟ್‌ವೇರ್ ಅನ್ನೋದನ್ನ ಕಲಿತವರು ಮುಂಗಾಣ್ಕೆ ಕಲೀಲಾರರಾ?

*

ಕಲಬುರಗಿ, ಆಯುರ್ವೇದ ಓದಿದವನು:

ಹೊಸದಾಗಿ ಹುಟ್ಟಿಸೋ ಅವಶ್ಯಕತೆಯೇ ಇಲ್ಲ ಮೇಡಂ. ಚರಕಸಂಹಿತೆಯಲ್ಲೇ ಇದಕ್ಕೆ ಪದ ಇದೆ, "ಸಾಧ್ಯಾಸಾಧ್ಯತೆ". ಸುಖಸಾಧ್ಯ, ಕಷ್ಟಪಟ್ಟರೆ ಗುಣ ಆಗೋ ಕೃಚ್ಛ್ರಸಾಧ್ಯ, ಔಷಧ ಇರೋತನಕ ತಡೆದು ನಿಲ್ಲೋ ಯಾಪ್ಯ, ಆಮೇಲೆ ಅಸಾಧ್ಯ. ನಿಮ್ಮ 98, 27, 10 ಇದರೊಳಗೆ ಕೂತ್ಕೊಳ್ತಾವೆ. ರೋಗದ ಹೆಸರು ಪಕ್ಷಾಘಾತ. ಪಕ್ಷ ಅಂದ್ರೆ ಮೈಯ ಒಂದು ಬದಿ, ಅದಕ್ಕೆ ಬಿದ್ದ ಏಟು. ಮಿದುಳೇಟು ಅನ್ನೋದು ಶಬ್ದವೇ ಅಲ್ಲ, ಚರ್ಚೆ ಬೇಡ.

*

ಬೀದರಿನಿಂದ:

ಅಕ್ಕಾರ, ನೀವು ಕೇಳಿದ್ದು ವಾರ್ಡಿನ ಮಾತು, ಇವ್ರು ಕೊಡ್ಲಾಕತ್ತಿದ್ದು ಪರೀಕ್ಷಾದ ಮಾತು. "ಅಂದಾಜು" ಅಂತ ಹಾಕ್ರಿ, ಮುಗೀತು. ಬೆಳಿ ಅಂದಾಜು, ಖರ್ಚಿನ ಅಂದಾಜು, ಮನಿ ಕಟ್ಟೋ ಅಂದಾಜು, ನಮ್ಮ ಮೂರೂ ಜಿಲ್ಲಾದಾಗ ಈ ಮಾತು ಯಾವ ಓಣಿಯಾಗ ಇಲ್ಲ ಹೇಳ್ರಿ.

ಲಕ್ವಾದ ಬಗ್ಗೆ ಒಂದು ಮಾತು, ಇದು ನಿಮಗ ಕೆಲಸಕ್ಕ ಬರ್ತದ. ಅದು ಅರಬ್ಬಿ ಶಬ್ದ, ಆದ್ರ ಯುನಾನಿ ಹಕೀಮರು ಮುಖ ಒಂದ್ ಕಡಿ ಸೊಟ್ಟ ಆದ್ರ ಮಾತ್ರ ಲಕ್ವಾ ಅಂತಾರ. ಅರ್ಧ ಮೈ ಬಿದ್ರ ಅದು ಫಾಲಿಜ್. ಫಾಲಿಜ್ ಅಂದ್ರ ಎರಡು ಹೋಳು ಮಾಡೋ ಧಾತುವಿನಿಂದ ಬಂದದ್ದು, ಮೈ ನಡುವ ಸೀಳಿದಂಗ ಆಗ್ತದಲ್ಲ ಅದಕ್ಕ. ನಮ್ಮ ಕಡಿ ಉರ್ದು ಮಾತಾಡೋ ಹಿರೇರು ಈಗೂ ಈ ಫರಕ್ ಇಟ್ಕೊಂಡಾರ, ಕನ್ನಡ ಮಾತಾಡೋ ನಾವು ಎರಡಕ್ಕೂ ಲಕ್ವಾ ಅಂದ್ಬಿಟ್ಟೀವಿ. ಹಂಗಾಗಿ ಬರೀ ಮುಖದ ನರ ಕೆಟ್ಟು ಬಾಯಿ ಸೊಟ್ಟ ಆದವ್ರೂ ನಿಮ್ಮ ಹಾಳಿ ಹಿಡಕೊಂಡು ನಡಿಯೋ ಚಿಂತಿ ಮಾಡ್ಯಾರು. "ಕೈಕಾಲು ಬಿದ್ದ ಲಕ್ವಾ" ಅಂತ ಬಿಡಿಸಿ ಬರೀರಿ.

*

ಕಲಬುರಗಿ, ಶಾಲಿ ಮಾಸ್ತರ್:

ಅಂದಾಜು ಅಪ್ಪಟ ಕನ್ನಡ. "ಅಂದ" ಅಂದ್ರ ಹಳಗನ್ನಡದಾಗ ರೀತಿ, ಬಗಿ. ಒಂದು ವಸ್ತು ಯಾವ ಅಂದದಾಗ ಅದ ಅಂತ ನೋಡೋದೇ ಅಂದಾಜು. ಇಪ್ಪತ್ತು ವರ್ಷದಿಂದ ಹೇಳ್ಕೋತ ಬಂದೀನಿ, ಯಾರೂ ಕಿವಿಗಿ ಹಾಕ್ಕೊಳಂಗಿಲ್ಲ.

*

ಬೀದರಿನಿಂದ:

ಮಾಸ್ತರ್ರ, ಮತ್ತ ಆ "ಜು" ಎಲ್ಲಿಂದ ಬಂತು? ಮರಾಠಿಯೊಳಗೂ ಅಂದಾಜ್, ತೆಲುಗಿನಾಗ ಅಂದಾಜು, ಹಿಂದಿ ಉರ್ದುದಾಗ ಅಂದಾಜಾ. ಪಾರ್ಸಿ ಶಬ್ದ, ಅಳತಿ ಅಂತ ಅರ್ಥ. ಬಿಡ್ರಿ ಇದನ್ನ.

*

ಯಾದಗಿರಿಯಿಂದ:

ಪಾರ್ಸಿ ಅಂತ ನೀವೇ ಒಪ್ಪಿಕೊಂಡಿರಿ. ಬೇಡ ಅಂದರೆ ಬೇಡ. ಮೊದಲು ಬಹಮನಿಗಳು, ಆಮೇಲೆ ನಿಜಾಮರು, ಕಚೇರಿಯಲ್ಲಿ ಹೇರಿದ್ದನ್ನೆಲ್ಲ ನಮ್ಮ ಮಾತು ಅಂತ ಹೊತ್ತುಕೊಂಡು ತಿರುಗೋದು ಎಶ್ಟು ದಿನ? ಆಸ್ಪತ್ರೆಯ ಒಂದು ಹಾಳೆಯಲ್ಲಾದರೂ ಕನ್ನಡ ಕನ್ನಡವಾಗಿರಲಿ. ನೋವಿರುವ ಮನೆಗೆ ತನ್ನ ನುಡಿಯಲ್ಲೇ ಹೇಳಬೇಕು ಅನ್ನೋದು ತಪ್ಪಾ?

*

ಬೀದರಿನಿಂದ:

ತಪ್ಪಲ್ಲ. ಆದ್ರ ಆ ಮನಿಯ ನುಡಿ ಯಾವುದು ಅಂತ ಅವ್ರನ್ನ ಕೇಳ್ರಿ, ನಿಘಂಟನ್ನ ಅಲ್ಲ. ನಿಮ್ಮ ಮೊದಲ್ನೇ ಮೇಲ್‌ದಾಗ "ಲಕ್ವಾ ಬದಲು" ಅಂದೀರಿ. ಬದಲು ಅರಬ್ಬಿ. ಈಗ ಬರದ "ಕಚೇರಿ" ಕನ್ನಡದ್ದೇನು?

ಹೇರೋದು ಅಂದ್ರ ಏನು ಅಂತ ಹೈದರಾಬಾದ್ ಸಂಸ್ಥಾನದಾಗ ಇದ್ದ ನಮಗ ಗೊತ್ತದ. 1918ರಾಗ ಉಸ್ಮಾನಿಯಾ ಯೂನಿವರ್ಸಿಟಿ ಶುರು ಆತು, ಉರ್ದುದಾಗ ಕಲಿಸ್ಲಾಕ ಒಂದ್ ವರ್ಷ ಮೊದಲೇ ದಾರುಲ್ ತರ್ಜುಮಾ ಅಂತ ತರ್ಜುಮೆ ಇಲಾಖಾ ಮಾಡಿ, ವಿಜ್ಞಾನಕ್ಕ ವೈದ್ಯಕ್ಕ ಅರಬ್ಬಿ ಪಾರ್ಸಿ ಬೇರು ಹಿಡದು ಸಾವಿರಗಟ್ಲೆ ಶಬ್ದ ಕಟ್ಟಿದ್ರು. ಕಟ್ಟಿದವ್ರು ದೊಡ್ಡ ಪಂಡಿತರು, ಉರ್ದು ಮ್ಯಾಲ ಪ್ರೀತಿ ಇದ್ದವ್ರೇ. ನಮ್ಮ ಅಪ್ಪ ಉರ್ದು ಮೀಡಿಯಂದಾಗ ಓದಿದವ್ರು, ಆ ಶಬ್ದದಾಗ ಒಂದೂ ನಮ್ಮ ಮನಿ ಮಾತಿನಾಗ ಬರಲಿಲ್ಲ. ಬಂದಿದ್ದು ದವಾಖಾನಿ, ಬಾಕಿ, ಜಮೀನು, ಅಂದಾಜು. ಇವನ್ನ ತಂದದ್ದು ಸಂತಿ, ಹೊಲ, ನೆರಿಮನಿ. ನಿಮ್ಮ ಮುಂಗಾಣ್ಕೆನೂ ಕಟ್ಟಿದ ಶಬ್ದ, ಅಷ್ಟೇ, ಬೇರು ಮಾತ್ರ ಬ್ಯಾರೆ.

*

ಯಾದಗಿರಿಯಿಂದ:

ಮುಂಗಾಣು ನಿನ್ನೆ ಕಟ್ಟಿದ್ದಲ್ಲ. ಇನ್ನು ನಾನು ಬರೆಯಲ್ಲ.

*

ಕಲಬುರಗಿಯಿಂದ, ಪದ ಕೇಳಿದವಳು:

ಎಲ್ಲರ ಮೇಲ್ ಓದೀನಿ, ಡ್ಯೂಟಿ ಮುಗಿಸಿ ಬರ್ಲಾಕ ತಡ ಆತು. ಅಂದಾಜು ಅಂತ ಹಾಕ್ಲಾಕತ್ತೀನಿ. ಯಾದಗಿರಿ ಸರ್, ಸಿಟ್ಟಾಗಬ್ಯಾಡ್ರಿ, ಪಾರ್ಸಿನೋ ಕನ್ನಡನೋ ಅಂತ ನೋಡಿ ಆರಿಸಿದ್ದಲ್ಲ, ಇವತ್ತು ನಡದದ್ದು ಹೇಳ್ತೀನಿ.

ಸೇಡಂನ ಆ ಹಿರೇರಿಗಿ ಇವತ್ತು ಮೂರನೇ ದಿನ. ಮುಂಜಾನೆ ಮಂಚದ ಅಂಚಿಗಿ ಕೂಡ್ಸಿದೆ, ಎರಡೂ ಪಾದ ನೆಲಕ್ಕ ಊರಿಸಿ, ಕೈ ತೊಡಿ ಮ್ಯಾಲ ಇಡಿಸಿದೆ. ಮಗ ಎದುರಿಗಿ ನಿಂತು ಒಂದು, ಎರಡು ಅಂತ ಜೋರ್ಲೇ ಎಣಸ್ಲಾಕತ್ತಾನ. ಹನ್ನೊಂದಕ್ಕ ಎಡಕ್ಕ ವಾಲಿದ್ರು, ಭುಜಕ್ಕ ನನ್ನ ಕೈ ಕೊಟ್ಟು ಹಿಡದೆ. ಕಾಲಿನಾಗ ಇನ್ನಾ ಏನೂ ಇಲ್ಲ. ಮಗ ನನ್ನ ಮಾರಿ ನೋಡಿದ. "ಇದು ಇವತ್ತಿನ ಅಂದಾಜು, ಒಂಬತ್ತನೇ ದಿನ ಮತ್ತ ಎಣಸೋಣು" ಅಂದೆ. ಆತ ತೊಗರಿ ಬೆಳಿಯೋನು, "ಹೂ ಬಿಟ್ಟಾಗ ಒಂದ್ ಅಂದಾಜು, ಕಾಯಿ ಕಟ್ಟಿದ ಮ್ಯಾಲ ಒಂದು, ಹಂಗಲ್ರೀ?" ಅಂದು, ನಿನ್ನೆ ಮಡಚಿಟ್ಟ ಹಾಳಿ ಜೇಬಿನಿಂದ ತಗದು ಓದ್ಲಾಕತ್ತ. ಭವಿಷ್ಯ ಅಂದಾಗ ಮುಚ್ಚಿದ ಹಾಳಿ ಅದು. ಮತ್ತ ಅಳೀಲಾಕ ಬರ್ತದ, ತಿದ್ಲಾಕ ಬರ್ತದ ಅನ್ನೋ ಅರ್ಥ ಈ ಮಾತಿನ ಹೊಟ್ಟಿಯಾಗೇ ಅದ, ಮುಂಗಾಣ್ಕೆದಾಗ ನನಗದು ಕಾಣಂಗಿಲ್ಲ.

ವೈದ್ಯರ, ಸಾಧ್ಯಾಸಾಧ್ಯತೆ ಖರೇ ಹಳೇ ಮಾತು, ತೂಕದ ಮಾತು. ಆದ್ರ ನೂರಕ್ಕ ಹತ್ತು ಇದ್ದವ್ರ ಹಾಳಿ ಮ್ಯಾಲ ಅಸಾಧ್ಯ ಅಂತ ಅಚ್ಚಾದ್ರ ಮರುದಿನದಿಂದ ಮನಿಯವ್ರು ಅವ್ರನ್ನ ಎಬ್ಬಿಸಿ ಕೂಡ್ಸೋದೇ ಬಿಡ್ತಾರ, ನೋಡೀನಿ. ಆ ಹತ್ತು ಮಂದಿ ಯಾರು ಅಂತ ಮೊದಲೇ ಯಾರಿಗೂ ಗೊತ್ತಿರಂಗಿಲ್ಲ.

"ಸ್ವತಂತ್ರ ನಡಿಗೆ" ಅನ್ನೋದೂ ತಗದೀನಿ. "ಆಸರೆ ಇಲ್ಲದೆ" ಅಂತಿತ್ತು, ಅದೂ ತಪ್ಪು, ಯಾಕಂದ್ರ ಕೋಲು ಹಿಡದು ನಡದ್ರೂ ಈ ಲೆಕ್ಕದಾಗ ನಡದಂಗೇ. ನಾವು ಸೊನ್ನೆಯಿಂದ ಐದರತನಕ ನಂಬರ್ ಕೊಡ್ತೀವಿ, ನಾಲ್ಕು ಅಂದ್ರ ಸಮ ನೆಲದ ಮ್ಯಾಲ ಯಾರೂ ಹಿಡೀಬೇಕಾಗಿಲ್ಲ, ಬಾಜೂ ನಿಂತು ಕಾಯಬೇಕಾಗೂ ಇಲ್ಲ, ಮೆಟ್ಟಲಿಗೆ ಬೇಕಾಗಬಹುದು. ಅದಕ್ಕ "ಯಾರೂ ಹಿಡೀದೆ, ಕೋಲು ಇದ್ರೂ ನಡೀತದ" ಅಂತ ಬರದೀನಿ. ಲೆಕ್ಕ ನೆದರ್ಲೆಂಡ್ಸಿನ ಪೇಷಂಟ್‌ಗಳದು ಅಂತನೂ ಹಾಳಿಯೊಳಗೇ ಅದ.

ತಲಿಬರಹ: "ಕೈಕಾಲು ಬಿದ್ದ ಲಕ್ವಾ: ಎಂದಿಗಿ ನಡೀತಾರ? ಇವತ್ತಿನ ಅಂದಾಜು". ಕೆಳಗ ತಾರೀಖು ಬರೀಲಾಕ ಮೂರು ಖಾಲಿ ಗೆರಿ ಬಿಟ್ಟೀನಿ.

ಇನ್ನೊಂದು ಮಾತು ಬೇಕಾಗ್ಯಾದ, ಇದಕ್ಕ ಅವಸರ ಇಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಾಗ ಟ್ವಿಸ್ಟ್ ಅಂತ ಮತ್ತೊಂದು ಲೆಕ್ಕ ಮಾಡ್ಯಾರ, ಒಂದ್ ವಾರ ಆದ ಮ್ಯಾಲ ವಯಸ್ಸು 80ರ ಒಳಗ ಅದನೋ, ಬ್ಯಾಲೆನ್ಸ್ ಎಷ್ಟದ, ಮೊಳಕಾಲು ನೆಟ್ಟಗ ಮಾಡೋ ಶಕ್ತಿ ಎಷ್ಟದ ಅಂತ ನೋಡಿ 4, 6, 9, 16, 26 ವಾರ ಅಂತ ಅಂದಾಜು ಕೊಡ್ತಾರ. ಎರಡನೇ ಹಾಳಿ ಅದರ ಮ್ಯಾಲ. ಕುರ್ಚಿ ಮ್ಯಾಲ ಕುಂತು, ತೊಡಿ ಎತ್ತದೆ, ಮೊಳಕಾಲಿಂದ ಕೆಳಗ ಅಷ್ಟೇ ಮುಂದಕ್ಕ ನೆಟ್ಟಗ ಮಾಡೋದಕ್ಕ ನಿಮ್ಮ ಊರಾಗ ಏನಂತಾರ? "ಕಾಲು ಚಾಚ್ರಿ" ಅಂದ್ರ ನಮ್ಮವ್ರು ಇಡೀ ಕಾಲು ಮುಂದ ಸರಸ್ತಾರ, "ಎತ್ರಿ" ಅಂದ್ರ ತೊಡಿ ಎತ್ತತಾರ.