ಅಸ್ಪೃಶ್ಯತೆ ಪಾಠ: ಮಕ್ಕಳಿಗೆ ನೋವಾಗದ ಹಾಗೆ ಹೇಗೆ ಮಾಡೋದು?

ಹೈಸ್ಕೂಲ್ ಮೇಷ್ಟ್ರು:
ಬಳ್ಳಾರಿ ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ಊರಿನವರು, ಕೇರಿಯವರು, ತಾಂಡಾದವರು ಎಲ್ಲ ಸೇರಿ 41 ಮಕ್ಕಳು. ಹೋದ ವರ್ಷ ಅಸ್ಪೃಶ್ಯತೆ ಪಾಠ ಮಾಡುವಾಗ ಒಂದು ತಪ್ಪು ಮಾಡಿದೆ. "ಯಾರಿಗಾದರೂ ಇಂಥ ಅನುಭವ ಆಗಿದೆಯಾ, ಹೇಳಿ" ಅಂದೆ. ಇಡೀ ಕ್ಲಾಸು ಹಿಂದಿನ ಬೆಂಚಿನ ಒಬ್ಬ ಹುಡುಗನ ಕಡೆ ತಿರುಗಿತು. ಅವನು ಪೆನ್ನಿನ ಕ್ಯಾಪು ತೆಗೆಯೋದು, ಹಾಕೋದು, ತೆಗೆಯೋದು, ಹಾಕೋದು, ಬೆಲ್ಲಾಗುವವರೆಗೂ ತಲೆ ಎತ್ತಲಿಲ್ಲ. ಮಾರನೇ ದಿನ ಶಾಲೆಗೇ ಬರಲಿಲ್ಲ. ಈ ಸಲ ಸುಮ್ನೆ ನೋಟ್ಸ್ ಬರೆಸಿ ಮುಗಿಸೋಕೆ ಮನಸ್ಸಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಕಲಬುರಗಿ ಟೀಚರ್:
ಸರ್, ಅನುಭವ ಕೇಳಲೇಬೇಡಿ. ನಾನು ನೀರಿನಿಂದ ಶುರು ಮಾಡುತ್ತೇನೆ. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ಅಂತ ಮುಂಬೈ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು, ಆದರೂ ಅಂಬೇಡ್ಕರ್ 1927ರಲ್ಲಿ ಸಾವಿರಾರು ಜನರ ಜೊತೆ ನಡೆದು ಹೋಗಿ ಮಹಾರಾಷ್ಟ್ರದ ಮಹಾಡ್‌ನ ಚೌದಾರ್ ಕೆರೆ ನೀರು ಕುಡಿಯಬೇಕಾಯಿತು, ಆ ಕೆರೆ ಹಕ್ಕಿನ ಕೇಸು ಹೈಕೋರ್ಟಿನಲ್ಲಿ ಮುಗಿದದ್ದು 1937ಕ್ಕೆ. ಮೂರು ಇಸವಿ ಬೋರ್ಡಿನ ಮೇಲೆ ಬರೆದು, "ನಿರ್ಣಯ ಆದ ಮೇಲೂ ಯಾರು ತಡೆದರು, ಯಾಕೆ?" ಅಂತ ಕೇಳುತ್ತೇನೆ. ಆಗ ಉತ್ತರ ಹುಡುಕೋ ಕೆಲಸ ಎಲ್ಲ ಮಕ್ಕಳದ್ದೂ ಆಗುತ್ತೆ, ಅಲ್ವಾ? ಆಮೇಲೆ ಸಂವಿಧಾನದ 15(2) ಓದಿಸುತ್ತೇನೆ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಹೋದ ಸಲ ಒಬ್ಬಳು "ದೇವಸ್ಥಾನ ಯಾಕಿಲ್ಲ ಮಿಸ್?" ಅಂದಳು. ಅದು 25ನೇ ವಿಧಿಯಲ್ಲಿದೆ, ಅವತ್ತು ಅದನ್ನೂ ಓದಿದೆವು.

ತಾಂಡಾದ ಹುಡುಗ:
ನಾನು ಲಂಬಾಣಿ, ಈಗ ಪಿಯು ಲೆಕ್ಚರರ್. ಕಷ್ಟದ ಪಾಠ ಬಂದಾಗ ಮಾತ್ರ ನಮ್ಮ ಮಕ್ಕಳು ನೆನಪಾಗಬಾರದು ಸರ್. ನಾನು ಏಳನೇ ಕ್ಲಾಸಲ್ಲಿದ್ದಾಗ ಒಬ್ಬರು ಮೇಷ್ಟ್ರು ಬೋರ್ಡಿನ ಮೇಲೆ "ನೀರು" ಅಂತ ಬರೆದು, ನಿಮ್ಮ ಮನೇಲಿ ಏನಂತೀರಿ ಅಂದರು. ತೆಲುಗು ಮನೆ ಹುಡುಗಿ "ನೀಳ್ಳು" ಅಂದಳು, ನಾನು "ಪಾಣಿ" ಅಂದೆ. ನಮ್ಮ ಲಂಬಾಣಿ ಮಾತು, ಗೋರ್ ಬೋಲಿ, ಬೋರ್ಡಿನ ಮೇಲೆ ಬಂದದ್ದು ಅವತ್ತೇ ಮೊದಲು. ಆ ಸೀಮೆಸುಣ್ಣದ ಅಕ್ಷರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.
ನಿಮ್ಮ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಇದೆ. ಕಸೂತಿ ಹಾಕೋ ತಾಯಂದಿರನ್ನ ಕ್ಲಾಸಿಗೆ ಕರೆಸಿ. ಹಾಡು ಕುಣಿತ ಮಾಡಿಸಿ ಕಳಿಸಬೇಡಿ ಮತ್ತೆ! ಒಂದು ಬಟ್ಟೆಗೆ ಎಷ್ಟು ದಿನ ಹಿಡಿಯುತ್ತೆ, ಅಂಗಡಿಯಲ್ಲಿ ಎಷ್ಟಕ್ಕೆ ಮಾರ್ತಾರೆ, ಅವರ ಕೈಗೆ ಎಷ್ಟು ಬರುತ್ತೆ, ಮಕ್ಕಳೇ ಕೇಳಿ ಲೆಕ್ಕ ಹಾಕಲಿ.

ಹಾಸನದ ಮೇಡಂ:
ಎಲ್ಲ ಸರಿ, ಸಿಲಬಸ್ ಮುಗಿಯಬೇಕಲ್ಲ? ನಮ್ಮಲ್ಲಂತೂ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಿಟ್ಟು ಬೇರೆ ಏನೂ ಕೇಳಲ್ಲ.

ಕಲಬುರಗಿ ಟೀಚರ್:
ಮೇಡಂ, ನನಗೆ ಎರಡು ಪಿರಿಯಡ್ ಹಿಡಿಯಿತು, ಅಷ್ಟೇ. ಬಾಯಿಪಾಠ ಮಾಡಿಸೋ ಟೈಮು ಅದರಲ್ಲೇ ಉಳಿಯಿತು.

ಹೈಸ್ಕೂಲ್ ಮೇಷ್ಟ್ರು:
ಮೂರೂ ಇಸವಿ ಬರೆದುಕೊಂಡೆ ಮೇಡಂ. ತಾಯಂದಿರನ್ನ ಕೂಲಿ ಇಲ್ಲದ ದಿನ ನೋಡಿ ಕರೆಸಬೇಕು, ಹೆಡ್‌ಮಾಸ್ಟರ್ ಹತ್ತಿರ ಮಾತಾಡುತ್ತೇನೆ. ಆ ಹುಡುಗ ಈಗ ಹತ್ತನೇ ಕ್ಲಾಸು. ನನ್ನಿಂದ ತಪ್ಪಾಯಿತು ಅಂತ ಅವನಿಗೆ ಇನ್ನೂ ಹೇಳಿಲ್ಲ. ಸೋಮವಾರ ಮೊದಲು ಅವನನ್ನ ಮಾತಾಡಿಸುತ್ತೇನೆ.